ನೂರು ಟನ್ನಿನ ಕಲುಷಿತ ಉಕ್ಕು ಹೆದ್ದಾರಿಗಿಳಿಯುವ ಮೊದಲು

2025ರ ಜೂನ್ 9ರಂದು ಕೇರಳ ಕರಾವಳಿಯಾಚೆ ವಾನ್ ಹೈ 503 ಹಡಗಿಗೆ ಬೆಂಕಿ ಬಿತ್ತು. ಪಾರಾದ 18 ಸಿಬ್ಬಂದಿಯನ್ನು ನೌಕಾಪಡೆಯ ಐಎನ್‌ಎಸ್ ಸೂರತ್ ತಂದಿಳಿಸಿದ್ದು ಪಣಂಬೂರಿನ ನವಮಂಗಳೂರು ಬಂದರಿನಲ್ಲಿ. ಅಂಥ ಸುದ್ದಿ ಬಂದಾಗ ನಮ್ಮ ಮನಸ್ಸಿನಲ್ಲಿ ಮೊದಲು ಏಳುವ ಪ್ರಶ್ನೆ ಒಂದೇ: ಪೆಟ್ಟಿಗೆಗಳೊಳಗೆ ಏನಿತ್ತು? ಉತ್ತರ ದಿಕ್ಕಿಗೆ ಕೈಗಾ ಅಣು ಸ್ಥಾವರ ಇರುವ ನಮ್ಮ ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಪ್ರಶ್ನೆ ಸೇರಿಕೊಳ್ಳುತ್ತದೆ. ಅಣು ಸ್ಥಾವರದ ಹಳೆಯ ಭಾಗವೊಂದು, ಪೆಟ್ಟಿಗೆಗೇ ಹಿಡಿಸದಷ್ಟು ದೊಡ್ಡದು, ರಸ್ತೆಗೋ ಹಡಗಿಗೋ ಇಳಿಯಬೇಕಾದರೆ ಅದನ್ನು ಯಾವ ನಿಯಮದಡಿ ಸಾಗಿಸುತ್ತಾರೆ?

ಮೊದಲೇ ಹೇಳಿಬಿಡಬೇಕಾದ ಮಾತು: ನಮ್ಮ ದೇಶದಲ್ಲಿ ಕೆಳಮಟ್ಟದ ವಿಕಿರಣಶೀಲ ತ್ಯಾಜ್ಯವನ್ನು ಆಯಾ ಸ್ಥಾವರದ ಪಕ್ಕದಲ್ಲೇ, ನೆಲಮಟ್ಟಕ್ಕೆ ಹತ್ತಿರದ ಕಾಂಕ್ರೀಟ್ ಕಂದಕಗಳಲ್ಲಿ ಇಡುವುದು ಪದ್ಧತಿ. ಹಾಗಾಗಿ ದೊಡ್ಡ ಭಾಗಗಳು ಊರು ದಾಟುವ ಅಗತ್ಯ ಇಲ್ಲಿ ಕಡಿಮೆ. ಆದರೆ ಕೈಗಾದ 220 ಮೆಗಾವಾಟ್‌ನ ನಾಲ್ಕು ಘಟಕಗಳಲ್ಲಿ ಮೊದಲೆರಡು 2000ದಿಂದ ಓಡುತ್ತಿವೆ. 700 ಮೆಗಾವಾಟ್‌ನ 5 ಮತ್ತು 6ನೇ ಘಟಕಗಳ ಕೆಲಸ ನಡೆದಿದೆ. ಸ್ಥಾವರಗಳಿಗೂ ವಯಸ್ಸಾಗುತ್ತದೆ. ಹೊರದೇಶಗಳಲ್ಲಿ ಈ ಸಾಗಣೆ ಈಗಾಗಲೇ ಹಲವು ಬಾರಿ ಆಗಿದೆ. ಜರ್ಮನಿಯ ಸ್ಟಾಡೆ ಸ್ಥಾವರದ ಹಬೆ ಉಂಟುಮಾಡುವ ನಾಲ್ಕು ದೊಡ್ಡ ಹಂಡೆಗಳು, ಅಂದರೆ ಸ್ಟೀಮ್ ಜನರೇಟರ್‌ಗಳು 2007ರಲ್ಲಿ ಸಮುದ್ರದ ಮೂಲಕ ಸ್ವೀಡನ್‌ನ ಸ್ಟುಡ್ಸ್‌ವಿಕ್‌ಗೆ ಹೋದವು, ಕರಗಿಸಿ ಉಕ್ಕು ಮರಳಿ ಪಡೆಯಲು. ಬ್ರಿಟನ್ನಿನ ಬರ್ಕ್ಲಿಯ 15 ಬಾಯ್ಲರ್‌ಗಳು, ಒಂದೊಂದೂ ಸುಮಾರು 310 ಟನ್, 2012-13ರಲ್ಲಿ ಅದೇ ದಾರಿ ಹಿಡಿದವು. ಕೆನಡಾದ ಬ್ರೂಸ್ ಸ್ಥಾವರದ್ದು ಮಾತ್ರ ಬೇರೆ ಕತೆ. ನೂರು ಟನ್ ತೂಕದ 16 ಜನರೇಟರ್‌ಗಳಿಗೆ ಅಲ್ಲಿನ ನಿಯಂತ್ರಕರು 2011ರ ಫೆಬ್ರವರಿಯಲ್ಲಿ ಒಪ್ಪಿಗೆ ಕೊಟ್ಟರು. ಸರೋವರ ದಂಡೆಯ ಮೂಲನಿವಾಸಿಗಳೂ ಊರುಗಳೂ ಎದುರು ನಿಂತ ಮೇಲೆ ಒಂದೂ ಹೊರಡಲಿಲ್ಲ. ಕಾಗದದ ಮೇಲೆ ಲೆಕ್ಕ ಸರಿಯಿತ್ತು, ಒಂದೊಂದರಲ್ಲೂ ಇದ್ದ ವಿಕಿರಣಶೀಲ ದ್ರವ್ಯ 4 ಗ್ರಾಂಗಿಂತ ಕಡಿಮೆ. ದಾರಿಯಲ್ಲಿ ಬದುಕುವವರಿಗೆ ಆ ಲೆಕ್ಕ ಬಿಡಿಸಿ ಹೇಳುವುದು ತಡವಾಗಿತ್ತು.

ಸ್ಟೀಮ್ ಜನರೇಟರ್ ಎಂದರೆ ಒಳಗೆ ಸಾವಿರಾರು ಸಣ್ಣ ಕೊಳವೆಗಳ ಕಟ್ಟು ಇರುವ ಉಕ್ಕಿನ ದೊಡ್ಡ ಹಂಡೆ. ರಿಯಾಕ್ಟರಿನ ಬಿಸಿ ನೀರು, ಕೈಗಾದಲ್ಲಾದರೆ ಭಾರಜಲ, ಕೊಳವೆಗಳೊಳಗೆ ಹರಿಯುತ್ತದೆ. ಹೊರಗಿನ ಸಾದಾ ನೀರು ಕುದಿದು ಹಬೆಯಾಗುತ್ತದೆ. ವರ್ಷಗಟ್ಟಲೆ ಹರಿದ ನೀರಿನಿಂದ ಕೊಳವೆಗಳ ಒಳಮೈಗೆ ತೆಳ್ಳನೆಯ ಆಕ್ಸೈಡ್ ಪದರ ಕೂರುತ್ತದೆ. ಕೋಬಾಲ್ಟ್-60 ಮತ್ತಿತರ ವಿಕಿರಣಶೀಲ ಕಣಗಳು ಇರುವುದು ಆ ಪದರದಲ್ಲಿ. ಉಕ್ಕು ಸ್ವತಃ ವಿಕಿರಣಶೀಲವಾಗಿರುವುದಿಲ್ಲ. ಇಂಥದ್ದನ್ನು ನಿಯಮಗಳು ‘ಮೇಲ್ಮೈ ಕಲುಷಿತ ವಸ್ತು’, ಕಡತದ ಭಾಷೆಯಲ್ಲಿ ಎಸ್‌ಸಿಒ, ಎನ್ನುತ್ತವೆ. ಬಳಸಿದ ಇಂಧನವನ್ನು ಸಾಗಿಸುವ ಪೀಪಾಯಿಗೂ ಇದಕ್ಕೂ ಹೋಲಿಕೆ ಇಲ್ಲ. ಇದು ಸ್ಫೋಟಿಸದು, ತಾನಾಗಿ ಕಾಯದು. ಅಪಾಯ ಎರಡೇ ಬಗೆ: ಗೋಡೆ ದಾಟಿ ಬರುವ ಗ್ಯಾಮಾ ಕಿರಣ, ಮತ್ತು ಒಳಗಿನ ಧೂಳು ಹೊರಬಂದು ಉಸಿರಿಗೆ ಸೇರುವುದು.

ಸಾಮಾನ್ಯವಾಗಿ ಕಲುಷಿತ ವಸ್ತುವನ್ನು ಪ್ರಮಾಣೀಕೃತ ಪೆಟ್ಟಿಗೆಯಲ್ಲಿಟ್ಟು ಕಳಿಸುತ್ತಾರೆ. ಹನ್ನೆರಡು ಮೀಟರ್ ಉದ್ದದ ಹಂಡೆಗೆ ಪೆಟ್ಟಿಗೆ ಎಲ್ಲಿ? ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ, ಅಂದರೆ ಐಎಇಎ, 2018ರ ನಿಯಮಾವಳಿಯಲ್ಲಿ ಇದಕ್ಕೆಂದೇ ಎಸ್‌ಸಿಒ-3 ಎಂಬ ಹೊಸ ವರ್ಗ ಮಾಡಿತು. ಅದಕ್ಕೂ ಮೊದಲು ಪ್ರತಿ ಸಾಗಣೆಯೂ, ನಿಯಮಕ್ಕೆ ಪೂರ್ತಿ ಹೊಂದದ ಸರಕಿಗೆ ಕೊಡುವ ‘ವಿಶೇಷ ವ್ಯವಸ್ಥೆ’ಯ ಅನುಮತಿ ಪಡೆಯಬೇಕಿತ್ತು. ನಮ್ಮ ಅಣುಶಕ್ತಿ ನಿಯಂತ್ರಣ ಮಂಡಳಿ, ಎಇಆರ್‌ಬಿ, 2016ರಲ್ಲಿ ತಂದ ಸಾಗಣೆ ಸಂಹಿತೆ ಐಎಇಎಯ ಹಿಂದಿನ ಆವೃತ್ತಿಯನ್ನು ಅನುಸರಿಸಿದ್ದು. ಅದರಲ್ಲಿ ಈ ವರ್ಗವಿಲ್ಲ, ವಿಶೇಷ ವ್ಯವಸ್ಥೆಯ ಬಾಗಿಲಿದೆ. ಬಾಗಿಲು ಯಾವುದಾದರೂ ತಿರುಳು ಒಂದೇ: ವಸ್ತುವಿನ ಹೊರಗೋಡೆಯೇ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಸಿಗದ ಭದ್ರತೆಯನ್ನು ‘ಸಾಗಣೆ ಯೋಜನೆ’ ಎಂಬ ದಾಖಲೆ ತುಂಬಿಕೊಡಬೇಕು.

ಎಸ್‌ಸಿಒ-3ರ ಷರತ್ತುಗಳು ಬಿಗಿಯಾಗಿವೆ. ಎಲ್ಲ ತೆರಪುಗಳನ್ನೂ ಮುಚ್ಚಿರಬೇಕು. ಒಳಗೆ ಸಾಧ್ಯವಿದ್ದಷ್ಟೂ ಒಣಗಿರಬೇಕು. ಹೊರಮೈ ಮೇಲೆ ಉಜ್ಜಿದರೆ ಬರುವ ಮಾಲಿನ್ಯ ಬೀಟಾ-ಗ್ಯಾಮಾ ಆದರೆ ಚದರ ಸೆಂಟಿಮೀಟರಿಗೆ 4 ಬೆಕ್ವೆರೆಲ್ (ಸೆಕೆಂಡಿಗೆ ಒಂದು ಪರಮಾಣು ಕ್ಷಯಿಸಿದರೆ ಒಂದು ಬೆಕ್ವೆರೆಲ್), ಹೆಚ್ಚು ವಿಷಕಾರಿ ಆಲ್ಫಾ (ಪ್ಲುಟೋನಿಯಂನಂಥವು ಸೂಸುವುದು) ಆದರೆ 0.4 ದಾಟಕೂಡದು. ಕೈಗೆಟಕದ ಒಳಮೈ ಮೇಲೆ ಮಿತಿ ಚದರ ಸೆಂಟಿಮೀಟರಿಗೆ 8 ಲಕ್ಷ ಬೆಕ್ವೆರೆಲ್, ಆಲ್ಫಾಕ್ಕೆ 80 ಸಾವಿರ. 300 ಚದರ ಸೆಂಟಿಮೀಟರಿನ ಸರಾಸರಿ ಹಿಡಿದು. ಸಾಗಣೆ ರಸ್ತೆ, ರೈಲು ಅಥವಾ ನೀರಿನ ಮೇಲೆ ಮಾತ್ರ, ವಿಮಾನದಲ್ಲಿ ಇಲ್ಲ. ವಾಹನದಲ್ಲಿ ಬೇರೆಯವರ ಸರಕು ಇರಕೂಡದು. ಒಂದರ ಮೇಲೊಂದು ಪೇರಿಸಕೂಡದು. ಗಡಿ ದಾಟುವುದಾದರೆ ದಾರಿಯ ಪ್ರತಿ ದೇಶದ ಒಪ್ಪಿಗೆ ಬೇಕು.

ಈ ಅಂಕಿಗಳಲ್ಲಿ ಅವಿತಿರುವ ಒಂದು ಬಲೆಯನ್ನು ಲೆಕ್ಕ ಮಾಡಿಯೇ ನೋಡಬೇಕು. ಕೊಳವೆಗಳ ಒಳಮೈ ಒಟ್ಟು 2,000 ಚದರ ಮೀಟರ್ ಎಂದಿಟ್ಟುಕೊಳ್ಳಿ, ಅಂದರೆ 2 ಕೋಟಿ ಚದರ ಸೆಂಟಿಮೀಟರ್. ಎಲ್ಲೆಡೆ ಕೋಬಾಲ್ಟ್-60 ಮಿತಿಯಷ್ಟೇ ಇದ್ದರೆ ಒಟ್ಟು 16 ಟೆರಾಬೆಕ್ವೆರೆಲ್ (ಒಂದು ಟೆರಾ ಎಂದರೆ ಲಕ್ಷ ಕೋಟಿ). ಸಾಗಣೆ ನಿಯಮದಲ್ಲಿ ಪ್ರತಿ ಐಸೊಟೋಪಿಗೂ ಎ2 ಎಂಬ ಅಳತೆಗೋಲಿದೆ, ಐಸೊಟೋಪ್ ಹೆಚ್ಚು ಅಪಾಯಕಾರಿಯಾದಷ್ಟೂ ಅದು ಚಿಕ್ಕದು. ಕೋಬಾಲ್ಟ್-60ಕ್ಕೆ ಅದು 0.4 ಟೆರಾಬೆಕ್ವೆರೆಲ್. ಹಾಗಾದರೆ ಈ ಹಂಡೆಯಲ್ಲಿರುವುದು 40 ಎ2. ಒಂದು ವಾಹನಕ್ಕೆ ಅಥವಾ ಸಮುದ್ರದ ಹಡಗಿನ ಒಂದು ಸರಕು ಕೋಣೆಗೆ ಮಿತಿ 100 ಎ2. ಒಂದು ಕೋಣೆಯಲ್ಲಿ ಎರಡು ಹಂಡೆ ಸರಿ, ಮೂರನೆಯದು ಆಗದು. ಈಗ ಆಲ್ಫಾ ನೋಡಿ. ಪ್ಲುಟೋನಿಯಂ-239ರ ಎ2 ಕೇವಲ 0.001 ಟೆರಾಬೆಕ್ವೆರೆಲ್. ಒಳಮೈ ಎಲ್ಲವೂ ಆಲ್ಫಾ ಮಿತಿಯಲ್ಲಿದ್ದರೆ 1.6 ಟೆರಾಬೆಕ್ವೆರೆಲ್, ಅಂದರೆ 1,600 ಎ2! ಚದರ ಸೆಂಟಿಮೀಟರಿನ ಪರೀಕ್ಷೆಯಲ್ಲಿ ಪಾಸಾದ ವಸ್ತು ಒಟ್ಟು ಮೊತ್ತದ ಪರೀಕ್ಷೆಯಲ್ಲಿ ಹದಿನಾರು ಪಟ್ಟು ಮೀರಿ ಸೋಲುತ್ತದೆ. ಎರಡೂ ಪರೀಕ್ಷೆ ಬೇಕು, ಒಂದರ ಬದಲು ಇನ್ನೊಂದಲ್ಲ.

ಆಲ್ಫಾ ಕಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಉಕ್ಕಿನ ಗೋಡೆಯ ಹೊರಗೆ ಹಿಡಿದ ವಿಕಿರಣ ಮೀಟರಿಗೆ ಅದು ಕಾಣುವುದೇ ಇಲ್ಲ. ಹೊರಗಿಂದ ಅಳೆಯಲಾಗುವುದು ಕೋಬಾಲ್ಟಿನ ಗ್ಯಾಮಾ. ಅದಕ್ಕೇ ಕೆಲವು ಕೊಳವೆ ತುಂಡುಗಳನ್ನು ಕತ್ತರಿಸಿ ಪ್ರಯೋಗಾಲಯದಲ್ಲಿ ಪದರ ಕರಗಿಸಿ, ಕೋಬಾಲ್ಟ್ ಇಷ್ಟಿದ್ದರೆ ಪ್ಲುಟೋನಿಯಂ, ಅಮೆರಿಸಿಯಂ ಇಷ್ಟು ಎಂಬ ಅನುಪಾತ ಕಟ್ಟುತ್ತಾರೆ. ಇಂಧನದ ಕವಚ ಎಂದಾದರೂ ಸೀಳಿದ್ದ ಘಟಕದಲ್ಲಿ ಈ ಅನುಪಾತ ಏರುತ್ತದೆ. ಪಕ್ಕದ ಘಟಕದ ಅಂಕಿಯನ್ನು ಎರವಲು ತಂದರೆ ಲೆಕ್ಕ ತಪ್ಪುತ್ತದೆ. ಹಳೆಯ ಅನುಪಾತವೂ ನಡೆಯದು. ಕೋಬಾಲ್ಟ್-60ರ ಅರ್ಧಾಯುಷ್ಯ 5.27 ವರ್ಷ. ಇಪ್ಪತ್ತು ವರ್ಷ ಕಾದರೆ ಅದು ಹದಿನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ, ಕಾಯುವುದರ ದೊಡ್ಡ ಲಾಭ ಅದು. ಆದರೆ ಪ್ಲುಟೋನಿಯಂ-239 ಅಷ್ಟರಲ್ಲಿ ಕದಲುವುದಿಲ್ಲ. ಪ್ಲುಟೋನಿಯಂ-241 ಕ್ಷಯಿಸಿ ಅಮೆರಿಸಿಯಂ-241 ಹೆಚ್ಚುತ್ತದೆ. ಮೀಟರ್ ತಣ್ಣಗಾಗುತ್ತಾ ಹೋದಂತೆ ಒಳಗಿನ ಆಲ್ಫಾ ಪಾಲು ಏರುತ್ತದೆ. ಮೀಟರ್ ನೋಡಿ ‘ಏನೂ ಇಲ್ಲ’ ಎನ್ನುವವರ ಮಾತನ್ನು ಇಲ್ಲಿ ನಂಬಬಾರದು.

ಮುಚ್ಚುವ ಕೆಲಸಕ್ಕೆ ಬರೋಣ. ದೊಡ್ಡ ನಾಝಲ್‌ಗಳಿಗೆ ಉಕ್ಕಿನ ತಟ್ಟೆ ಬೆಸುಗೆ ಹಾಕುವುದನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಸಣ್ಣವನ್ನು: ಉಪಕರಣದ ತೆಳು ಪೈಪು, ಡ್ರೈನ್, ಕೈ ಹಾಕುವ ಕಿಂಡಿಯ ಹಳೆಯ ಗ್ಯಾಸ್ಕೆಟ್. ಮೂಲ ನಕ್ಷೆ ಹಿಡಿದು ಪ್ರತಿ ತೂತಿಗೂ ನಂಬರು ಕೊಟ್ಟು ಟಿಕ್ ಹಾಕುತ್ತಾ ಹೋಗುವುದೊಂದೇ ದಾರಿ. ಕರಾವಳಿಯ ಹವೆಯಲ್ಲಿ ಒಂದು ಸೂಜಿತೂತೂ ಏನು ಮಾಡುತ್ತದೆ ಎಂಬುದು ಮನಮುಟ್ಟಬೇಕು. ಒಳಗೆ 30 ಘನ ಮೀಟರ್ ಗಾಳಿ ಇದೆ ಎನ್ನಿ. ಮಧ್ಯಾಹ್ನದ ಬಿಸಿಲಿಗೆ ಉಕ್ಕು ಕಾದು ಒಳಗಿನ ಗಾಳಿ 55 ಡಿಗ್ರಿಗೇರಿ, ರಾತ್ರಿ 25ಕ್ಕಿಳಿದರೆ ಗಾಳಿ ಶೇಕಡ 9ರಷ್ಟು ಕುಗ್ಗುತ್ತದೆ. ತೂತಿನಿಂದ ರಾತ್ರಿ ಸುಮಾರು 2.7 ಘನ ಮೀಟರ್ ಒದ್ದೆ ಗಾಳಿ ಒಳಗೆ. ಮರುದಿನ ಅಷ್ಟೇ ಗಾಳಿ ಹೊರಗೆ. ಹಂಡೆ ಉಸಿರಾಡುತ್ತದೆ. ಒಳಸೇರುವುದು ದಿನಕ್ಕೆ ಹೆಚ್ಚೆಂದರೆ 60 ಗ್ರಾಂನಷ್ಟು ತೇವ, ಆದರೆ ಹೊರಬರುವ ಗಾಳಿಯೇ ಮಾಲಿನ್ಯದ ದಾರಿ. ಅದಕ್ಕೆ ಮುಚ್ಚಿದ ಮೇಲೆ ಒಳಗೆ ಸ್ವಲ್ಪ ಒತ್ತಡ ತುಂಬಿ ಗಂಟೆಗಟ್ಟಲೆ ಬಿಟ್ಟು ನೋಡಬೇಕು. ಆ ಹೊತ್ತಿನ ತಾಪಮಾನವನ್ನೂ ಬರೆದಿಟ್ಟುಕೊಳ್ಳಬೇಕು; ಇಲ್ಲದಿದ್ದರೆ ಬಿಸಿಲಿಳಿದದ್ದು ಸೋರಿಕೆಯಂತೆ ಕಾಣುತ್ತದೆ, ಬಿಸಿಲೇರಿದ್ದು ಸೋರಿಕೆಯನ್ನು ಮುಚ್ಚಿಹಾಕುತ್ತದೆ.

ಭಾರಜಲದ ಘಟಕಗಳಲ್ಲಿ ಒಣಗಿಸುವುದಕ್ಕೆ ಇನ್ನೊಂದು ಕಾರಣ ಟ್ರಿಟಿಯಂ, ಭಾರಜಲದಲ್ಲಿ ಹುಟ್ಟುವ ವಿಕಿರಣಶೀಲ ಜಲಜನಕ. ಯು ಆಕಾರದ ಕೊಳವೆಗಳ ತಗ್ಗಿನಲ್ಲಿ, ಕೊಳವೆಗಳನ್ನು ಹಿಡಿದ ದಪ್ಪ ತಟ್ಟೆಯ ಸಂದಿಯಲ್ಲಿ ನೀರು ನಿಲ್ಲುತ್ತದೆ. ಬರಿದೆ ಡ್ರೈನ್ ಮಾಡಿದರೆ ಹೋಗದು. ಬಿಸಿ ಒಣ ಗಾಳಿ ಹಾಯಿಸಿ, ಹೊರಬರುವ ಗಾಳಿಯ ತೇವ ಇಳಿದು ಸ್ಥಿರವಾಗುವವರೆಗೂ ಕಾಯಬೇಕು. ಅಮೆರಿಕದ ಟ್ರೋಜನ್ ಸ್ಥಾವರದ ರಿಯಾಕ್ಟರ್ ಪಾತ್ರೆಯನ್ನು 1999ರಲ್ಲಿ ಕೊಲಂಬಿಯಾ ನದಿಯಲ್ಲಿ ಚಪ್ಪಟೆ ತಳದ ಸರಕು ದೋಣಿ ಬಾರ್ಜ್ ಮೇಲೆ ಸಾಗಿಸುವಾಗ ಒಳಗೆ ಹಗುರ ಕಾಂಕ್ರೀಟ್ ತುಂಬಿದ್ದರು. ಹುಗಿಯುವುದಕ್ಕಾದರೆ ಅದು ಒಳ್ಳೆಯದು, ಧೂಳು ಕದಲದು. ಕರಗಿಸುವ ಉದ್ದೇಶವಿದ್ದರೆ ಅದೇ ಕಾಂಕ್ರೀಟ್ ಶಾಪ.

ಹೊರಮೈ ಪರೀಕ್ಷೆ ಸರಳ, ಆದರೆ ಸೋಮಾರಿತನಕ್ಕೆ ಎಡೆಯಿಲ್ಲ. 100 ಚದರ ಸೆಂಟಿಮೀಟರ್ ಜಾಗವನ್ನು ಫಿಲ್ಟರ್ ಕಾಗದದಿಂದ ಉಜ್ಜಿ ಎಣಿಸುತ್ತಾರೆ. ಉಜ್ಜಿದಾಗ ಮಾಲಿನ್ಯದ ಹತ್ತನೇ ಒಂದು ಭಾಗ ಕಾಗದಕ್ಕೆ ಬರುತ್ತದೆ ಎಂದು ಹಿಡಿಯುವುದು ವಾಡಿಕೆ. ಕಾಗದದ ಮೇಲೆ 40 ಬೆಕ್ವೆರೆಲ್ ಕಂಡರೆ ಮೈಮೇಲೆ ಚದರ ಸೆಂಟಿಮೀಟರಿಗೆ 4, ಸರಿಯಾಗಿ ಮಿತಿಯ ಮೇಲೆ. ಇಷ್ಟು ಮಾಡಿ ಹೊರಟ ಸರಕು ತಲುಪುವಾಗ ಮಿತಿ ಮೀರಿರಬಹುದೇ? ಆಗಿದೆ. ಫ್ರಾನ್ಸಿನ ಲಾ ಹೇಗ್‌ಗೆ ಹೋಗುತ್ತಿದ್ದ ಇಂಧನ ಪೀಪಾಯಿಗಳ ಮೇಲೆ ಮಿತಿ ಮೀರಿದ ಮಾಲಿನ್ಯ ಬಯಲಾಗಿ 1998ರ ಮೇ ತಿಂಗಳಲ್ಲಿ ಜರ್ಮನಿ ಸಾಗಣೆಯನ್ನೇ ನಿಲ್ಲಿಸಿತು. ಮತ್ತೆ ಶುರುವಾದದ್ದು 2001ರಲ್ಲಿ. ಕಾರಣಗಳಲ್ಲೊಂದು ‘ಬೆವರುವಿಕೆ’. ಉಕ್ಕಿನ, ಬಣ್ಣದ ಸೂಕ್ಷ್ಮ ರಂಧ್ರಗಳಲ್ಲಿ ಕೂತ ಸೀಸಿಯಂ, ಕೋಬಾಲ್ಟ್ ಉಜ್ಜಿದಾಗ ಸಿಗುವುದಿಲ್ಲ. ದಾರಿಯಲ್ಲಿ ಮಳೆ, ಮಂಜು ತಾಗಿದಾಗ ನಿಧಾನ ಹೊರಬರುತ್ತದೆ. ಒಣ ಊರಿನಲ್ಲಿ ಪರೀಕ್ಷಿಸಿ ನಮ್ಮ ಹವೆಗೆ ತಂದರೆ ಇದೇ ಆಗುವುದು. ಪರೀಕ್ಷೆಯ ನಂತರ ಗಟ್ಟಿ ಬಣ್ಣದ ಪದರ ಹೊಡೆದು, ಹೊರಡುವ ಮೊದಲು ಒದ್ದೆ ಮಾಡಿಯೂ ಇನ್ನೊಮ್ಮೆ ಉಜ್ಜಿ ನೋಡುವುದು ಬುದ್ಧಿವಂತಿಕೆ.

ರಸ್ತೆಯಲ್ಲಿ ವಿಕಿರಣದ ಮಿತಿ: ವಾಹನದ ಮೈಗೆ ತಾಗಿದಂತೆ ಗಂಟೆಗೆ 2 ಮಿಲಿಸೀವರ್ಟ್ (ದೇಹಕ್ಕೆ ತಾಗುವ ವಿಕಿರಣದ ಅಳತೆ), ಅಂಚಿನಿಂದ 2 ಮೀಟರ್ ದೂರದಲ್ಲಿ 0.1. ಸಾರ್ವಜನಿಕರಿಗೆ ವರ್ಷದ ಮಿತಿ 1 ಮಿಲಿಸೀವರ್ಟ್. ಹಾದುಹೋಗುವ ಬೈಕ್ ಸವಾರನಿಗೆ ಸಿಗುವುದು ಕ್ಷಣಗಳ ಡೋಸ್, ಲೆಕ್ಕಕ್ಕಿಲ್ಲ. ಆದರೆ ಮಿತಿಯಂಚಿನಲ್ಲಿರುವ ಟ್ರೇಲರ್ ಪಡುಬಿದ್ರಿ ಪೇಟೆಯಲ್ಲಿ ಕೆಟ್ಟು ನಿಂತರೆ, 2 ಮೀಟರ್ ದೂರದ ಗೂಡಂಗಡಿಯವರಿಗೆ ಹತ್ತು ಗಂಟೆಯಲ್ಲಿ ವರ್ಷದ ಪಾಲು ಮುಗಿಯುತ್ತದೆ. ದೂರ ಸರಿದರೆ ಡೋಸ್ ಬೇಗ ಇಳಿಯುತ್ತದೆ ಎಂಬ ಪಾಠ ಇಲ್ಲಿ ಅರ್ಧ ಸತ್ಯ. ಚಿಕ್ಕ ಮೂಲದಿಂದ ದೂರ ಎರಡು ಪಟ್ಟಾದರೆ ಡೋಸ್ ಕಾಲು ಭಾಗ. ಹನ್ನೆರಡು ಮೀಟರ್ ಉದ್ದದ ಹಂಡೆಯ ಹತ್ತಿರದಲ್ಲಿ ಬರೀ ಅರ್ಧ. ಹಾಗಾಗಿ ತಂಗುವ ಜಾಗಗಳನ್ನು, ಕೆಟ್ಟರೆ ಎಳೆದೊಯ್ಯುವ ಜಾಗಗಳನ್ನು ಮೊದಲೇ ಗುರುತಿಸಿ ಅಳೆದಿಟ್ಟಿರಬೇಕು.

ನಿಜ ಹೇಳಬೇಕೆಂದರೆ, ಈ ಕರಾವಳಿಯಲ್ಲಿ ದುರ್ಬಲ ಕೊಂಡಿ ವಿಕಿರಣವಲ್ಲ, ದಾರಿ. ಸಂಹಿತೆಯ ಅಂಕಿಗಳನ್ನು ಯಾರಾದರೂ ಪಾಲಿಸಬಹುದು. ರಾಷ್ಟ್ರೀಯ ಹೆದ್ದಾರಿ 66 ಅವರ ಮಾತು ಕೇಳುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಲಾರಿಯನ್ನೂ ಟ್ಯಾಂಕರನ್ನೂ ಗಂಗಾವಳಿಗೆ ನೂಕಿತು. ಮೂರು ವಾರ ಕಳೆದು ಆಗಸ್ಟ್ 7ರಂದು ಕಾರವಾರದ ಹಳೆಯ ಕಾಳಿ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಕೈಗಾದಿಂದ ಪಣಂಬೂರಿಗೆ ಬರುವ ಯಾವ ಸರಕೂ ಶರಾವತಿ, ಸೀತಾ, ಸ್ವರ್ಣಾ, ಶಾಂಭವಿ ನದಿಗಳನ್ನು ದಾಟಬೇಕು. ಮರವಂತೆಯಲ್ಲಿ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ.

ನೂರು ಟನ್ ಹಂಡೆ, ಅದನ್ನು ಹೊತ್ತ ತೊಟ್ಟಿಲು 10 ಟನ್. ಹೈಡ್ರಾಲಿಕ್ ಟ್ರೇಲರಿನ ಒಂದು ಆಕ್ಸಲ್ ಸಾಲಿಗೆ 18 ಟನ್ ಭಾರ ಹಿಡಿದರೆ, ಅದರಲ್ಲಿ ಸಾಲಿನ ಸ್ವಂತ ತೂಕ ಸುಮಾರು 4 ಟನ್ ಕಳೆದು, ಕನಿಷ್ಠ 8 ಸಾಲು ಬೇಕು. ಒಟ್ಟು 140 ಟನ್ನಿಗೂ ಮೇಲೆ, ಎಳೆಯುವ ಪುಲ್ಲರ್ ಬೇರೆ. ನಮ್ಮ ಸೇತುವೆಗಳ ಮಾಮೂಲಿ ವಿನ್ಯಾಸದಲ್ಲಿ ಲೆಕ್ಕ ಹಿಡಿಯುವ 70ಆರ್ ವಾಹನದ ತೂಕ 100 ಟನ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಆಮೇಲೆ 385 ಟನ್ನಿನ ವಿಶೇಷ ವಾಹನದ ಲೆಕ್ಕ ಸೇರಿಸಿತು. ಅದಕ್ಕೂ ಷರತ್ತುಗಳಿವೆ: ಸೇತುವೆ ಮೇಲೆ ಬೇರೆ ವಾಹನವಿಲ್ಲ, ವೇಗ ಗಂಟೆಗೆ 5 ಕಿಲೋಮೀಟರ್ ಒಳಗೆ, ಮಧ್ಯರೇಖೆಯಿಂದ 300 ಮಿಲಿಮೀಟರ್‌ಗಿಂತ ಆಚೀಚೆ ಇಲ್ಲ. ಹಳೆಯ ಸೇತುವೆಗಳನ್ನು ಒಂದೊಂದಾಗಿ ಲೆಕ್ಕ ಹಾಕಿಯೇ ಒಪ್ಪಬೇಕು.

ಕಟ್ಟುವುದರಲ್ಲಿ ತಪ್ಪು ಹೆಚ್ಚು. ಜೋರು ಬ್ರೇಕಿಗೆ ಸರಕು ತನ್ನ ತೂಕದ 0.8 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ ಎಂದು ಹಿಡಿಯುತ್ತಾರೆ. ನೂರು ಟನ್ನಿಗೆ 80 ಟನ್ ಬಲ. ಉಕ್ಕಿನ ಮೇಲೆ ಉಕ್ಕು ಕೂತಿದ್ದರೆ ಘರ್ಷಣೆ ಹತ್ತು ಟನ್ ಹಿಡಿದರೆ ಪುಣ್ಯ. ಉಳಿದ 70 ಟನ್ ಸರಪಳಿಗಳದ್ದು. ಹತ್ತು ಟನ್ ಶಕ್ತಿಯ ಸರಪಳಿ 45 ಡಿಗ್ರಿ ಓರೆಯಾಗಿದ್ದರೆ ಅಡ್ಡಕ್ಕೆ ಎಳೆಯುವುದು ಏಳೇ ಟನ್. ಮುಂದಿನ ನುಗ್ಗಾಟ ಒಂದಕ್ಕೇ ಹತ್ತು ಸರಪಳಿ. ತೊಟ್ಟಿಲಿನಡಿ ರಬ್ಬರ್ ಹಾಸಿ, ಮುಂದೆ ಉಕ್ಕಿನ ತಡೆ ಬೆಸೆದರೆ ಸರಪಳಿಯ ಮೇಲಿನ ಹೊರೆ ಬಹಳ ಇಳಿಯುತ್ತದೆ. ಎತ್ತುವ ಕಿವಿಗಳೂ ಪರೀಕ್ಷೆ ಕೇಳುತ್ತವೆ. ಅವು ಹೊಸ ಹಂಡೆಗೆ ಬೆಸೆದವು. ಮೇಲಿನ ಹಬೆ ಡ್ರಮ್ಮನ್ನೋ ಪೈಪುಗಳನ್ನೋ ಕತ್ತರಿಸಿದ ಮೇಲೆ ಭಾರದ ಕೇಂದ್ರ ಸರಿದಿರುತ್ತದೆ, ಹಳೆಯ ನಕ್ಷೆ ಸುಳ್ಳು ಹೇಳುತ್ತದೆ. 15 ಟನ್ ಮೀರಿದ ಸರಕಿಗೆ ನಿಯಮದ ಬೀಳಿಸಿ ನೋಡುವ ಪರೀಕ್ಷೆ 0.3 ಮೀಟರ್ ಎತ್ತರದ್ದು. ಬಂದರಿನ ಕ್ರೇನ್ ಎತ್ತುವುದು ಅದಕ್ಕಿಂತ ಎಷ್ಟೋ ಮೇಲಕ್ಕೆ! ಅದಕ್ಕೇ ಎತ್ತುವ ಬದಲು ಟ್ರೇಲರನ್ನೇ ಬಾರ್ಜ್‌ಗೆ ಹತ್ತಿಸುವುದು ಮೇಲು. ಭರತ-ಇಳಿತ ನೋಡಿ, ಬ್ಯಾಲಸ್ಟ್ ನೀರು ಪಂಪ್ ಮಾಡುತ್ತಾ ಬಾರ್ಜ್‌ನ ಮಟ್ಟವನ್ನು ಜೆಟ್ಟಿಗೆ ಸಮ ಹಿಡಿಯಬೇಕು.

ಬೆಂಕಿಯ ವಿಷಯದಲ್ಲಿ ಜನರಿಗೆ ನೇರವಾಗಿ ಹೇಳಬೇಕು. ಇಂಧನ ಪೀಪಾಯಿ 800 ಡಿಗ್ರಿ ಬೆಂಕಿಯಲ್ಲಿ 30 ನಿಮಿಷ ತಾಳಬೇಕೆಂಬ ಪರೀಕ್ಷೆ ಎಸ್‌ಸಿಒಗೆ ಇಲ್ಲ. ದಪ್ಪ ಉಕ್ಕಿನ ಹಂಡೆ ಟೈರ್ ಬೆಂಕಿಗೆ ಒಡೆಯುವುದಿಲ್ಲ, ಆದರೆ ಮುಚ್ಚಳದ ಗ್ಯಾಸ್ಕೆಟ್ ಸುಟ್ಟುಹೋಗಬಹುದು, ಒಳಗಿನ ಗಾಳಿ ಹಿಗ್ಗಿ ಹೊರಬರಬಹುದು. ಮಂಗಳೂರಿನಿಂದ ಹೊರಡುವ ಅನಿಲ ಟ್ಯಾಂಕರುಗಳದ್ದೂ ಇದೇ ದಾರಿ. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ ಟ್ಯಾಂಕರ್ ಉರುಳಿ ಹೊತ್ತಿ ಜೀವಗಳು ಹೋದದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಬೆಂಗಾವಲಿನ ಮೊದಲ ಕೆಲಸ ಟ್ಯಾಂಕರುಗಳನ್ನು ದೂರ ಇಡುವುದು.

ಹೊರಡುವ ಕಾಲವೂ ಸುಲಭದ ಆಯ್ಕೆಯಲ್ಲ. ಜೂನ್‌ನಿಂದ ಸೆಪ್ಟೆಂಬರ್ ರಸ್ತೆಯೂ ಬೇಡ, ಬಾರ್ಜೂ ಬೇಡ. ಉಳಿದದ್ದು ನವೆಂಬರಿನಿಂದ ಮಾರ್ಚ್. ಹಗಲು ಸಂಚಾರ ದಟ್ಟ, ಆದ್ದರಿಂದ ರಾತ್ರಿ ಎನ್ನುತ್ತಾರೆ ಹೊರಗಿನ ಯೋಜಕರು. ಆದರೆ ಅದೇ ತಿಂಗಳುಗಳ ರಾತ್ರಿಯಲ್ಲಿ ಕಂಬಳ, ಕೋಲ, ಯಕ್ಷಗಾನ, ಜಾತ್ರೆ. ಹೆದ್ದಾರಿ ಬದಿಯಲ್ಲೇ ಸಾವಿರಾರು ಜನ. ಊರಿನ ಕ್ಯಾಲೆಂಡರ್ ಸಾಗಣೆ ಯೋಜನೆಯ ಅನುಬಂಧವಾಗಿಯೇ ಇರಬೇಕು.

ಅಪಘಾತವಾದರೆ ಮೊದಲು ತಲುಪುವವರು ಅಗ್ನಿಶಾಮಕ ಸಿಬ್ಬಂದಿ, ಹೆದ್ದಾರಿ ಪೊಲೀಸರು, ಅಕ್ಕಪಕ್ಕದ ಯುವಕರು. ಅವರಿಗೆ ಗೊತ್ತಿರಬೇಕಾದದ್ದು ಕಡಿಮೆ, ಆದರೆ ಮೊದಲೇ ಗೊತ್ತಿರಬೇಕು. ವಾಹನದ ಮೇಲೆ ವಿಕಿರಣದ ಮೂರೆಸಳ ಗುರುತಿನ ಕೆಳಗೆ 7, ಕಿತ್ತಳೆ ಫಲಕದಲ್ಲಿ ಸರಕಿನ ಗುರುತು ಸಂಖ್ಯೆ 2913, ವಿಶೇಷ ವ್ಯವಸ್ಥೆಯಾದರೆ 2919. ಸುತ್ತ ಕನಿಷ್ಠ 25 ಮೀಟರ್ ತೆರವು, ಗಾಳಿ ಬರುವ ಬದಿಯಲ್ಲಿ ನಿಲ್ಲುವುದು. ಕ್ಯಾಬಿನ್‌ನಲ್ಲಿ ಸಿಕ್ಕಿಬಿದ್ದ ಚಾಲಕನನ್ನು ಎಳೆದು ತೆಗೆಯಲು ಮೀಟರ್ ಬರುವವರೆಗೆ ಕಾಯಬೇಕಿಲ್ಲ. ಜೀವ ಉಳಿಸುವುದು, ಬೆಂಕಿ ನಂದಿಸುವುದು ಮೊದಲು, ಅಳತೆ ಆಮೇಲೆ. ಕೈಗಾದಂಥ ಕಡೆಗಳಿಂದ ಪರಿಣತರು ಬರಲು ಗಂಟೆಗಳು ಬೇಕು. ಆ ಗಂಟೆಗಳು ಕುಂದಾಪುರದ, ಉಡುಪಿಯ, ಕದ್ರಿಯ ಠಾಣೆಗಳವರ ಕೈಯಲ್ಲಿರುತ್ತವೆ. ಅವರ ಓದಿಗೆ ಸಿಗದ ಸಾಗಣೆ ಯೋಜನೆ, ಎಷ್ಟು ದಪ್ಪವಿದ್ದರೂ, ಅಪೂರ್ಣ.

ಇಳಿಸಿದ ಮೇಲೂ ಕೆಲಸ ಉಳಿದಿದೆ. ಖಾಲಿ ಟ್ರೇಲರನ್ನು, ಸರಪಳಿಗಳನ್ನು ಮತ್ತೆ ಉಜ್ಜಿ ನೋಡಬೇಕು; ಹೋಗದ ಮಾಲಿನ್ಯದಿಂದ ಮೈಮೇಲೆ ಗಂಟೆಗೆ 5 ಮೈಕ್ರೋಸೀವರ್ಟ್ ಮೀರಿ ಬಂದರೆ ವಾಹನ ಬೇರೆ ಕೆಲಸಕ್ಕೆ ಹೋಗುವಂತಿಲ್ಲ. ಮುಂದಿನ ವಾರ ಅದೇ ಟ್ರೇಲರ್ ಯಾವುದೋ ಟ್ರಾನ್ಸ್‌ಫಾರ್ಮರನ್ನೋ ಗಾಳಿಯಂತ್ರದ ರೆಕ್ಕೆಯನ್ನೋ ಹೊತ್ತು ಇದೇ ಹೆದ್ದಾರಿಯಲ್ಲಿ ಓಡುವುದು. ಹಂಡೆಯಡಿ ಇಟ್ಟಿದ್ದ ಮರದ ದಿಮ್ಮಿಗಳ ಲೆಕ್ಕ ಮಾತ್ರ ಬೇರೆ. ಮರ ತೇವ ಹೀರುತ್ತದೆ, ಅದರ ಜೊತೆ ಬಂದದ್ದನ್ನೂ ಹೀರುತ್ತದೆ, ತೊಳೆದರೆ ಹೋಗುವುದಿಲ್ಲ. ಅವನ್ನು ಎಣಿಸಿ, ಹಂಡೆ ಇಳಿದಲ್ಲೇ ತ್ಯಾಜ್ಯವಾಗಿ ಬಿಟ್ಟು ಬರಬೇಕು. ಒಂದು ದಿಮ್ಮಿಯೂ ಯಾರ ಮನೆಯ ಒಲೆಗೂ ಹೋಗಕೂಡದು.